ನೋವು ಬರುವ ಮೊದಲೇ ದಂತ ತಪಾಸಣೆ: ದಂತಭಾಗ್ಯದಿಂದ ದಂತರಕ್ಷಣೆಯೆಡೆಗೆ

ಹಲ್ಲಿದ್ದವರಿಗೆ ಕಡಲೆಯಿಲ್ಲ, ಕಡಲೆಯಿದ್ದವರಿಗೆ ಹಲ್ಲಿಲ್ಲ ಎಂಬ ಗಾದೆಯನ್ನು ಕೇಳದವರಿಲ್ಲ. ವಯಸ್ಸಾದಂತೆ ಹಲ್ಲು ಉದುರುವುದು ಸಹಜ, ಅದನ್ನು ತಡೆಯಲಾಗದು ಎಂಬ ತಿಳಿವಳಿಕೆ ಈ ಗಾದೆಯ ಹಿಂದಿದೆ. ಆದರೆ ವೈದ್ಯಶಾಸ್ತ್ರ ಇದನ್ನು ಒಪ್ಪುವುದಿಲ್ಲ. ಹಲ್ಲುಗಳು ಬೀಳುವುದಕ್ಕೆ ಮುಖ್ಯ ಕಾರಣ ವಯಸ್ಸಲ್ಲ. ದಂತಕ್ಷಯ ಮತ್ತು ವಸಡಿನ ರೋಗ. ಇವೆರಡನ್ನೂ ಬಹುಮಟ್ಟಿಗೆ ತಡೆಯಬಹುದು. ಸಕಾಲದಲ್ಲಿ ಗುರುತಿಸಿದರೆ ಕಡಿಮೆ ಖರ್ಚಿನಲ್ಲಿ ಚಿಕಿತ್ಸೆ ನೀಡಬಹುದು. ಹೀಗಿದ್ದರೂ ದಂತ ವೈದ್ಯರನ್ನು ಕಾಣುವುದು ನೋವು ತಡೆಯಲಾಗದಂತಾದಾಗ ಮಾತ್ರ ಎಂಬ ರೂಢಿ ನಗರದಲ್ಲಿಯೂ ಗ್ರಾಮಗಳಲ್ಲಿಯೂ ಮುಂದುವರಿದಿದೆ. ಈ ರೂಢಿಯನ್ನು ಬದಲಿಸುವುದೇ ದಂತ ಆರೋಗ್ಯ ಅಭಿಯಾನಗಳ ಪ್ರಧಾನ ಉದ್ದೇಶ.

ಬಾಯಿಯ ರೋಗಗಳ ವ್ಯಾಪ್ತಿ ಸಣ್ಣದಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2022ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಜಗತ್ತಿನಲ್ಲಿ ಸುಮಾರು 350 ಕೋಟಿ ಜನರು ಒಂದಲ್ಲ ಒಂದು ಬಾಯಿಯ ರೋಗದಿಂದ ಬಳಲುತ್ತಿದ್ದಾರೆ. ಅವರಲ್ಲಿ ನಾಲ್ವರಲ್ಲಿ ಮೂವರು ಮಧ್ಯಮ ಆದಾಯದ ದೇಶಗಳಲ್ಲಿದ್ದಾರೆ. ಭಾರತ ಸರ್ಕಾರವು 2014–15ನೇ ಸಾಲಿನಲ್ಲಿ ರಾಷ್ಟ್ರೀಯ ಬಾಯಿ ಆರೋಗ್ಯ ಕಾರ್ಯಕ್ರಮವನ್ನು ಆರಂಭಿಸಿತು. ಪ್ರತಿ ವರ್ಷ ಮಾರ್ಚ್ 20ರಂದು ವಿಶ್ವ ಬಾಯಿ ಆರೋಗ್ಯ ದಿನವನ್ನು ಆಚರಿಸಲಾಗುತ್ತಿದೆ. ಆದರೆ ಒಂದು ದಿನದ ಆಚರಣೆಯಿಂದ ಹಲ್ಲು ಉಳಿಯುವುದಿಲ್ಲ. ಪ್ರತಿ ಕುಟುಂಬದಲ್ಲಿ ತಪಾಸಣೆ ಒಂದು ಅಭ್ಯಾಸವಾದಾಗ ಮಾತ್ರ ಉಳಿಯುತ್ತದೆ.

ನೋವು ಕೊನೆಯ ಲಕ್ಷಣ

ನೋವಿಲ್ಲದ ಹಲ್ಲು ಆರೋಗ್ಯವಾಗಿದೆ ಎಂದು ಭಾವಿಸುವುದು ಎಲ್ಲ ತಡಕ್ಕೂ ಮೂಲ. ಬಾಯಿಯಲ್ಲಿರುವ ಬ್ಯಾಕ್ಟೀರಿಯಾಗಳು ಆಹಾರದಲ್ಲಿನ ಸಕ್ಕರೆಯನ್ನು ಆಮ್ಲವಾಗಿ ಪರಿವರ್ತಿಸುತ್ತವೆ. ಆ ಆಮ್ಲವು ಹಲ್ಲಿನ ಹೊರಕವಚವಾದ ಎನಾಮೆಲ್‌ನಿಂದ ಖನಿಜಾಂಶವನ್ನು ಕರಗಿಸುತ್ತದೆ. ಎನಾಮೆಲ್‌ನಲ್ಲಿ ನರಗಳಿಲ್ಲ, ಆದ್ದರಿಂದ ಈ ಹಂತದಲ್ಲಿ ನೋವಿರುವುದಿಲ್ಲ. ಮೊದಲು ಕಾಣಿಸುವುದು ಸುಣ್ಣದಂತಹ ಬಿಳಿಯ ಚುಕ್ಕೆ ಮಾತ್ರ. ಆಗಲೇ ಗುರುತಿಸಿ ಫ್ಲೋರೈಡ್ ಚಿಕಿತ್ಸೆ ನೀಡಿದರೆ, ಸಿಹಿ ಸೇವನೆಯನ್ನು ಮಿತಗೊಳಿಸಿದರೆ, ಆ ಚುಕ್ಕೆ ಮತ್ತೆ ಗಟ್ಟಿಯಾಗುವ ಸಾಧ್ಯತೆಯಿದೆ. ಕೊರೆಯುವ ಅಗತ್ಯವೇ ಬೀಳದಿರಬಹುದು.

ಗಮನಿಸದೆ ಬಿಟ್ಟರೆ ಹುಳುಕು ಎನಾಮೆಲ್ ದಾಟಿ ಒಳಪದರವನ್ನು ತಲುಪುತ್ತದೆ. ತಣ್ಣೀರು ಕುಡಿದಾಗ, ಸಿಹಿ ತಿಂದಾಗ ಜುಮ್ಮೆನ್ನುವುದು ಈ ಹಂತದಲ್ಲಿ. ಆಗ ಒಂದು ಭೇಟಿಯಲ್ಲಿ ಹುಳುಕನ್ನು ತೆಗೆದು ತುಂಬಿಸಿದರೆ ಸಾಕಾಗುತ್ತದೆ. ಇನ್ನೂ ಮುಂದೂಡಿದರೆ ಸೋಂಕು ಹಲ್ಲಿನ ತಿರುಳನ್ನು ಸೇರುತ್ತದೆ. ರಾತ್ರಿ ನಿದ್ದೆಗೆಡಿಸುವ ನೋವು ಆರಂಭವಾಗುವುದು ಆಗ. ಈ ಹಂತದಲ್ಲಿ ಉಳಿಯುವುದು ಬಹುತೇಕ ಎರಡೇ ದಾರಿ: ಹಲವು ಭೇಟಿಗಳನ್ನು ಬೇಡುವ ರೂಟ್ ಕೆನಾಲ್ ಚಿಕಿತ್ಸೆ, ಇಲ್ಲವೇ ಹಲ್ಲು ಕೀಳಿಸುವುದು. ದಿನಗೂಲಿಯನ್ನು ನಂಬಿದ ಕುಟುಂಬ ಸಾಮಾನ್ಯವಾಗಿ ಎರಡನೆಯದನ್ನು ಆರಿಸಿಕೊಳ್ಳುತ್ತದೆ. ತಪಾಸಣೆಯನ್ನು ಮುಂದೂಡಿದುದರ ಬೆಲೆಯನ್ನು ಹೆಚ್ಚಾಗಿ ತೆರುವವರು ಬಡವರೇ ಎಂಬುದಕ್ಕೆ ಇದೇ ಕಾರಣ.

ವಸಡಿನ ರೋಗ ಇನ್ನೂ ಸದ್ದಿಲ್ಲದೆ ಬೆಳೆಯುತ್ತದೆ. ಹಲ್ಲಿನ ಬುಡದಲ್ಲಿ ಕೂಡುವ ಪಾಚಿ ದಿನಕಳೆದಂತೆ ಗಟ್ಟಿಯಾಗಿ ಕಿಟ್ಟವಾಗುತ್ತದೆ. ಗಟ್ಟಿಯಾದ ಕಿಟ್ಟವನ್ನು ಬ್ರಷ್‌ನಿಂದ ತೆಗೆಯಲಾಗದು. ಹಲ್ಲುಜ್ಜುವಾಗ ರಕ್ತ ಬರುವುದು ಮೊದಲ ಎಚ್ಚರಿಕೆ. ಆ ಹಂತದಲ್ಲಿ ಸ್ವಚ್ಛಗೊಳಿಸಿದರೆ ವಸಡು ಪೂರ್ವಸ್ಥಿತಿಗೆ ಮರಳುತ್ತದೆ. ನಿರ್ಲಕ್ಷಿಸಿದರೆ ಹಲ್ಲನ್ನು ಹಿಡಿದಿರುವ ಎಲುಬು ಕರಗತೊಡಗುತ್ತದೆ. ಕರಗಿದ ಎಲುಬು ತಾನಾಗಿ ಮರಳಿ ಬೆಳೆಯುವುದಿಲ್ಲ. ಮಧುಮೇಹವಿರುವವರಲ್ಲಿ ವಸಡಿನ ರೋಗ ಹೆಚ್ಚು ತೀವ್ರವಾಗಿರುತ್ತದೆ. ವಸಡಿನ ಸೋಂಕು ರಕ್ತದ ಸಕ್ಕರೆಯನ್ನು ಹತೋಟಿಗೆ ತರುವುದನ್ನು ಕಷ್ಟಗೊಳಿಸುತ್ತದೆ. ಮಧುಮೇಹಕ್ಕೆ ಔಷಧಿ ಪಡೆಯುತ್ತಿರುವವರು ದಂತ ತಪಾಸಣೆಯನ್ನೂ ಆ ಚಿಕಿತ್ಸೆಯ ಭಾಗವೆಂದೇ ಪರಿಗಣಿಸಬೇಕು.

ದಂತಭಾಗ್ಯ ಕಲಿಸಿದ ಪಾಠ

ಹಲ್ಲು ಕಳೆದುಕೊಂಡವರ ವಿಷಯದಲ್ಲಿ ಕರ್ನಾಟಕ ಸರ್ಕಾರ ಕೈಗೊಂಡ ಪ್ರಮುಖ ಕ್ರಮ ದಂತಭಾಗ್ಯ ಯೋಜನೆ. 2014–15ರ ಅವಧಿಯಲ್ಲಿ ಜಾರಿಗೆ ಬಂದ ಈ ಯೋಜನೆಯಡಿ ಬಡತನ ರೇಖೆಗಿಂತ ಕೆಳಗಿರುವ ಕುಟುಂಬಗಳ ಹಿರಿಯ ನಾಗರಿಕರಿಗೆ ಉಚಿತವಾಗಿ ಕೃತಕ ದಂತಪಂಕ್ತಿ ಒದಗಿಸಲಾಗುತ್ತದೆ. ಆರಂಭದಲ್ಲಿ 60 ವರ್ಷ ಮೇಲ್ಪಟ್ಟವರು ಮಾತ್ರ ಅರ್ಹರಾಗಿದ್ದರು. ಬಳಿಕ ಈ ವಯೋಮಿತಿಯನ್ನು 45ಕ್ಕೆ ಇಳಿಸಲಾಯಿತು. ದಂತ ವೈದ್ಯಕೀಯ ಕಾಲೇಜುಗಳ ಸಹಯೋಗದಲ್ಲಿ ಯೋಜನೆ ನಡೆಯುತ್ತದೆ.

ವಯೋಮಿತಿ 60ರಿಂದ 45ಕ್ಕೆ ಇಳಿದ ಸಂಗತಿಯೇ ಗಮನಾರ್ಹ. ದುಡಿಯುವ ವಯಸ್ಸಿನಲ್ಲಿಯೇ ಹಲ್ಲು ಕಳೆದುಕೊಂಡು ಕೃತಕ ದಂತದ ಅಗತ್ಯವುಳ್ಳವರಿದ್ದಾರೆ ಎಂಬುದನ್ನು ಅದು ಸೂಚಿಸುತ್ತದೆ. ಹಲ್ಲಿಲ್ಲದವರು ಮುದ್ದೆಯನ್ನು ನುಂಗಬಲ್ಲರು; ಆದರೆ ಹುರಿಗಡಲೆ, ಕಡಲೆಕಾಯಿ, ಹಸಿ ತರಕಾರಿ, ಗಟ್ಟಿ ಹಣ್ಣುಗಳು ಅವರ ಊಟದಿಂದ ಒಂದೊಂದಾಗಿ ಮರೆಯಾಗುತ್ತವೆ. ಮಾತಿನ ಸ್ಪಷ್ಟತೆ ಕುಗ್ಗುತ್ತದೆ. ನಾಲ್ಕು ಜನರ ನಡುವೆ ಕುಳಿತು ಉಣ್ಣಲು, ನಗಲು ಸಂಕೋಚವಾಗುತ್ತದೆ. ದಂತಪಂಕ್ತಿ ಇವುಗಳಲ್ಲಿ ಬಹಳಷ್ಟನ್ನು ಮರಳಿಸುತ್ತದೆ. ಆದರೂ ಅದು ಸ್ವಂತ ಹಲ್ಲಿಗೆ ಸಮನಲ್ಲ. ಹಲ್ಲು ಬಿದ್ದ ಜಾಗದ ದವಡೆಯ ಎಲುಬು ವರ್ಷಗಳು ಕಳೆದಂತೆ ಸವೆಯುವುದರಿಂದ ಕೆಳಗಿನ ದಂತಪಂಕ್ತಿ ಸಡಿಲವಾಗುವುದು ಸಾಮಾನ್ಯ. ಆಗ ಅದನ್ನು ಸರಿಪಡಿಸಿಕೊಳ್ಳಲು ಮತ್ತೆ ಆಸ್ಪತ್ರೆಗೆ ಬರಬೇಕು. ದಂತಭಾಗ್ಯದ ಫಲಾನುಭವಿಗಳಿಗೆ ಅದು ಹಕ್ಕಿನ ಸೌಲಭ್ಯ. ಅವರ ಮಕ್ಕಳಿಗೆ ಮತ್ತು ಮೊಮ್ಮಕ್ಕಳಿಗೆ ಅದರ ಅಗತ್ಯ ಬೀಳದಂತೆ ನೋಡಿಕೊಳ್ಳುವುದು ನಿಯಮಿತ ತಪಾಸಣೆಯ ಗುರಿ.

ಎಷ್ಟು ತಿಂಗಳಿಗೊಮ್ಮೆ ತಪಾಸಣೆ ಬೇಕು?

ಆರು ತಿಂಗಳಿಗೊಮ್ಮೆ ದಂತ ವೈದ್ಯರನ್ನು ಕಾಣಬೇಕೆಂಬ ಮಾತು ಎಲ್ಲೆಡೆ ಪ್ರಚಲಿತವಾಗಿದೆ. ಈ ಅವಧಿ ಎಲ್ಲರಿಗೂ ಒಂದೇ ಆಗಿರಬೇಕಿಲ್ಲವೆಂದು ಇತ್ತೀಚಿನ ಅಧ್ಯಯನಗಳು ತೋರಿಸಿವೆ. ಬ್ರಿಟನ್ನಿನ 51 ದಂತ ಚಿಕಿತ್ಸಾಲಯಗಳಲ್ಲಿ 2,372 ವಯಸ್ಕರನ್ನು ನಾಲ್ಕು ವರ್ಷ ಗಮನಿಸಿದ ಅಧ್ಯಯನವೊಂದರಲ್ಲಿ, ಆರು ತಿಂಗಳಿಗೊಮ್ಮೆ ಬಂದವರ ಮತ್ತು ವೈದ್ಯರು ರೋಗದ ಅಪಾಯಕ್ಕೆ ತಕ್ಕಂತೆ ಗೊತ್ತುಪಡಿಸಿದ ಅವಧಿಯಲ್ಲಿ ಬಂದವರ ಬಾಯಿಯ ಆರೋಗ್ಯದಲ್ಲಿ ಗಣನೀಯ ವ್ಯತ್ಯಾಸ ಕಂಡುಬರಲಿಲ್ಲ. ಬ್ರಿಟನ್ನಿನ ಮಾರ್ಗಸೂಚಿಯಂತೆ ವಯಸ್ಕರಿಗೆ ಈ ಅವಧಿ 3 ತಿಂಗಳಿನಿಂದ 24 ತಿಂಗಳವರೆಗೆ ಇರಬಹುದು. 18 ವರ್ಷದೊಳಗಿನವರಿಗೆ 12 ತಿಂಗಳನ್ನು ಮೀರಬಾರದು.

ಇದನ್ನು ತಪ್ಪಾಗಿ ಅರ್ಥೈಸಬಾರದು. ಆ ಅಧ್ಯಯನಕ್ಕೆ ಒಳಪಟ್ಟವರು ಮೊದಲೇ ನಿಯಮಿತವಾಗಿ ದಂತ ವೈದ್ಯರ ಬಳಿ ಹೋಗುತ್ತಿದ್ದವರು. ಒಮ್ಮೆಯೂ ಹೋಗದವರಿಗೆ ಅದು ಅನ್ವಯಿಸುವುದಿಲ್ಲ. ಆದ್ದರಿಂದ ಅಭಿಯಾನದ ಶ್ರಮ ಹರಿಯಬೇಕಾದುದು ವರ್ಷಕ್ಕೊಮ್ಮೆ ಹೋಗುವವರನ್ನು ಎರಡು ಬಾರಿ ಕಳುಹಿಸುವ ಕಡೆಗಲ್ಲ. ಈವರೆಗೆ ಹೋಗದವರ ಮೊದಲ ಭೇಟಿಯ ಕಡೆಗೆ. ಮೊದಲ ಭೇಟಿಯಲ್ಲಿ ಮುಂದಿನ ಭೇಟಿ ಯಾವಾಗ ಎಂದು ವೈದ್ಯರನ್ನು ಕೇಳಿ ದಿನಾಂಕ ಬರೆಸಿಕೊಳ್ಳಬೇಕು. ಮಧುಮೇಹಿಗಳು, ತಂಬಾಕು ಅಥವಾ ಅಡಿಕೆ ಜಗಿಯುವವರು, ವಸಡಿನಲ್ಲಿ ರಕ್ತ ಬರುವವರು, ಪದೇಪದೇ ಹುಳುಕಾಗುವ ಮಕ್ಕಳು ಹೆಚ್ಚು ಬಾರಿ ಬರಬೇಕಾಗುತ್ತದೆ. ಗರ್ಭಿಣಿಯರಲ್ಲಿ ವಸಡು ಊದಿಕೊಂಡು ರಕ್ತ ಬರುವುದು ಸಾಮಾನ್ಯ. ಅವರೂ ತಪಾಸಣೆ ಮಾಡಿಸಿಕೊಳ್ಳಬೇಕು. ಗರ್ಭಾವಸ್ಥೆಯಲ್ಲಿ ದಂತ ಚಿಕಿತ್ಸೆ ನಿಷಿದ್ಧವಲ್ಲ. ನಾಲ್ಕರಿಂದ ಆರನೆಯ ತಿಂಗಳಿನ ಅವಧಿ ಅದಕ್ಕೆ ಹೆಚ್ಚು ಅನುಕೂಲಕರ.

ಹಲ್ಲಿನ ತಪಾಸಣೆ ಬಾಯಿಯ ತಪಾಸಣೆಯೂ ಹೌದು

ದಂತ ವೈದ್ಯರು ನೋಡುವುದು ಹಲ್ಲನ್ನು ಮಾತ್ರವಲ್ಲ. ನಾಲಿಗೆಯ ಅಡಿಭಾಗ, ಕೆನ್ನೆಯ ಒಳಭಾಗ, ಅಂಗುಳು, ತುಟಿ ಎಲ್ಲವೂ ತಪಾಸಣೆಗೆ ಒಳಪಡುತ್ತವೆ. ಬಾಯಿಯ ಕ್ಯಾನ್ಸರ್ ಮತ್ತು ಅದಕ್ಕೆ ಮುನ್ನ ಕಾಣಿಸುವ ಲಕ್ಷಣಗಳನ್ನು ಬರಿಗಣ್ಣಿನಿಂದಲೇ ಗುರುತಿಸಬಹುದು. 2016–17ರ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15 ವರ್ಷ ಮೇಲ್ಪಟ್ಟವರಲ್ಲಿ ಶೇ. 22.8ರಷ್ಟು ಜನ ಒಂದಲ್ಲ ಒಂದು ರೂಪದಲ್ಲಿ ತಂಬಾಕು ಬಳಸುತ್ತಿದ್ದರು. ಜಗಿಯುವ, ಹೊಗೆರಹಿತ ತಂಬಾಕಿನ ಬಳಕೆ ಶೇ. 16.3ರಷ್ಟಿತ್ತು. 2013ರಲ್ಲಿ ರಾಜ್ಯದಲ್ಲಿ ಗುಟ್ಕಾ ನಿಷೇಧಗೊಂಡಿದೆ. ಆದರೂ ಹೊಗೆಸೊಪ್ಪು, ಕಡ್ಡಿಪುಡಿ ಜಗಿಯುವ ಅಭ್ಯಾಸ ನಿಂತಿಲ್ಲ. ತಂಬಾಕು ಬೆರೆಸದ ಅಡಿಕೆಯೂ ನಿರಪಾಯಕಾರಿಯಲ್ಲ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಅದನ್ನೂ ಕ್ಯಾನ್ಸರ್‌ಕಾರಕ ಎಂದು ವರ್ಗೀಕರಿಸಿದೆ.

ಬಾಯಿಯಲ್ಲಿ ಎರಡು ವಾರ ಕಳೆದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಖಾರ ತಿಂದಾಗ ತಡೆಯಲಾಗದ ಉರಿ, ನುಂಗಲು ತೊಂದರೆ, ಕುತ್ತಿಗೆಯಲ್ಲಿ ಗಂಟು ಕಂಡುಬಂದರೆ ಕೂಡಲೇ ವೈದ್ಯರಿಗೆ ತೋರಿಸಬೇಕು. ಅಡಿಕೆ ಜಗಿಯುವವರಲ್ಲಿ ಕೆನ್ನೆಯ ಒಳಚರ್ಮ ಬಿಗಿದು ಬಾಯಿ ತೆರೆಯುವಿಕೆ ಕ್ರಮೇಣ ಕುಗ್ಗುತ್ತದೆ. ತನ್ನದೇ ಮೂರು ಬೆರಳುಗಳನ್ನು ಒಂದರ ಮೇಲೊಂದಿಟ್ಟು ಮೇಲಿನ ಮತ್ತು ಕೆಳಗಿನ ಮುಂಬಲ್ಲುಗಳ ನಡುವೆ ಇರಿಸಲು ಸಾಧ್ಯವಾಗದಿದ್ದರೆ ಅದು ಎಚ್ಚರಿಕೆಯ ಸೂಚನೆ. 30 ವರ್ಷ ಮೇಲ್ಪಟ್ಟವರಿಗೆ ಅಸಾಂಕ್ರಾಮಿಕ ರೋಗಗಳ ತಪಾಸಣೆಯಲ್ಲಿ ರಕ್ತದೊತ್ತಡ, ಮಧುಮೇಹಗಳ ಜೊತೆಗೆ ಬಾಯಿಯ ಕ್ಯಾನ್ಸರ್ ತಪಾಸಣೆಯೂ ಸೇರಿದೆ. ಆಶಾ ಕಾರ್ಯಕರ್ತೆಯರು ಮನೆಗೆ ಬಂದಾಗ ಜಗಿಯುವ ಅಭ್ಯಾಸವನ್ನು ಮುಚ್ಚಿಡದೆ ತಿಳಿಸುವುದು ಆ ಕುಟುಂಬದ ಹಿತಕ್ಕೇ ಒಳ್ಳೆಯದು.

ಮಕ್ಕಳಿಂದ ಆರಂಭ

ಹಾಲುಹಲ್ಲು ಹೇಗೂ ಬೀಳುತ್ತದೆ, ಅದಕ್ಕೆ ಚಿಕಿತ್ಸೆಯೇಕೆ ಎಂದು ಹಲವರು ಕೇಳುತ್ತಾರೆ. ಹಾಲುಹಲ್ಲುಗಳು ಶಾಶ್ವತ ಹಲ್ಲುಗಳಿಗೆ ಜಾಗ ಕಾದಿರಿಸುತ್ತವೆ. ಅವಧಿಗೆ ಮುನ್ನ ಬಿದ್ದರೆ ಅಕ್ಕಪಕ್ಕದ ಹಲ್ಲುಗಳು ವಾಲಿ, ಹೊಸ ಹಲ್ಲು ವಕ್ರವಾಗಿ ಹುಟ್ಟಬಹುದು. ಹಲ್ಲುನೋವಿರುವ ಮಗು ಸರಿಯಾಗಿ ಉಣ್ಣುವುದಿಲ್ಲ, ನಿದ್ರಿಸುವುದಿಲ್ಲ, ಪಾಠಕ್ಕೆ ಗಮನ ಕೊಡುವುದಿಲ್ಲ. ಆರನೆಯ ವಯಸ್ಸಿನ ಆಸುಪಾಸಿನಲ್ಲಿ ಹಾಲುಹಲ್ಲುಗಳ ಹಿಂದೆ ಹುಟ್ಟುವ ದವಡೆ ಹಲ್ಲು ಶಾಶ್ವತವಾದುದು. ಅದನ್ನೂ ಹಾಲುಹಲ್ಲೆಂದೇ ಭಾವಿಸಿ ಕಡೆಗಣಿಸುವ ಪಾಲಕರು ಅನೇಕರು.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಸಂಚಾರಿ ವೈದ್ಯಕೀಯ ತಂಡಗಳು ಅಂಗನವಾಡಿ ಮಕ್ಕಳನ್ನು ವರ್ಷಕ್ಕೆ ಎರಡು ಬಾರಿ, ಸರ್ಕಾರಿ ಶಾಲೆಯ ಮಕ್ಕಳನ್ನು ವರ್ಷಕ್ಕೆ ಒಮ್ಮೆ ಪರೀಕ್ಷಿಸುವ ವ್ಯವಸ್ಥೆಯಿದೆ. ಪರೀಕ್ಷಿಸಬೇಕಾದ ಆರೋಗ್ಯ ಸಮಸ್ಯೆಗಳಲ್ಲಿ ದಂತ ಸಮಸ್ಯೆಯೂ ಒಂದು. ತಂಡವು ಬರೆದುಕೊಟ್ಟ ಚೀಟಿಯೊಂದಿಗೆ ಮಗುವನ್ನು ಆಸ್ಪತ್ರೆಗೆ ಕರೆದೊಯ್ಯುವುದು ಪಾಲಕರ ಹೊಣೆ. ಆ ಚೀಟಿ ಶಾಲಾ ಚೀಲದಲ್ಲಿಯೇ ಉಳಿದರೆ ತಪಾಸಣೆ ವ್ಯರ್ಥ.

ಸ್ಕಾಟ್‌ಲೆಂಡ್ ದೇಶದ ಅನುಭವ ಈ ವಿಷಯದಲ್ಲಿ ಮಾರ್ಗದರ್ಶಿಯಾಗಿದೆ. ಅಲ್ಲಿ ಚೈಲ್ಡ್‌ಸ್ಮೈಲ್ ಎಂಬ ಕಾರ್ಯಕ್ರಮದಡಿ ಶಿಶುವಿಹಾರಗಳಲ್ಲಿ ಸಿಬ್ಬಂದಿಯ ಸಮ್ಮುಖದಲ್ಲಿ ಮಕ್ಕಳು ಪ್ರತಿದಿನ ಫ್ಲೋರೈಡ್ ಪೇಸ್ಟ್‌ನಿಂದ ಹಲ್ಲುಜ್ಜುತ್ತಾರೆ. ಕಾರ್ಯಕರ್ತೆಯರು ಕುಟುಂಬಗಳನ್ನು ದಂತ ಚಿಕಿತ್ಸಾಲಯಗಳೊಂದಿಗೆ ಜೋಡಿಸುತ್ತಾರೆ. ಪ್ರಾಥಮಿಕ ಶಾಲೆಯ ಮೊದಲ ತರಗತಿಯ ಮಕ್ಕಳಲ್ಲಿ ಕಣ್ಣಿಗೆ ಕಾಣುವ ಹುಳುಕಿಲ್ಲದವರ ಪ್ರಮಾಣ 2003ರಲ್ಲಿ ಶೇ. 45ರಷ್ಟಿದ್ದುದು 2014ರ ವೇಳೆಗೆ ಶೇ. 68ಕ್ಕೆ ಏರಿತು. ಅಂಗನವಾಡಿ ಮತ್ತು ಆಶಾ ಕಾರ್ಯಕರ್ತೆಯರ ಜಾಲವಿರುವ ರಾಜ್ಯದಲ್ಲಿ ಇಂತಹ ಕೆಲಸಕ್ಕೆ ಬೇಕಾದ ತಳಹದಿ ಈಗಾಗಲೇ ಸಿದ್ಧವಾಗಿದೆ.

ತಪ್ಪು ತಿಳಿವಳಿಕೆಗಳು

ಮೇಲಿನ ದವಡೆಯ ಹಲ್ಲು ಕೀಳಿಸಿದರೆ ಕಣ್ಣಿನ ದೃಷ್ಟಿ ಮಂದವಾಗುತ್ತದೆ ಎಂಬುದು ವ್ಯಾಪಕವಾದ ನಂಬಿಕೆ. ಹಲ್ಲಿನ ನರಕ್ಕೂ ದೃಷ್ಟಿಯ ನರಕ್ಕೂ ಸಂಬಂಧವಿಲ್ಲ. ಹಲ್ಲು ಸ್ವಚ್ಛಗೊಳಿಸಿದರೆ ಅದು ಸಡಿಲವಾಗುತ್ತದೆ ಎಂಬುದು ಮತ್ತೊಂದು. ವಾಸ್ತವದಲ್ಲಿ ಎಲುಬು ಕರಗಿ ಮೊದಲೇ ಸಡಿಲವಾದ ಹಲ್ಲನ್ನು ಕಿಟ್ಟ ಹಿಡಿದಿಟ್ಟಿರುತ್ತದೆ. ಕಿಟ್ಟ ತೆಗೆದಾಗ ಸಡಿಲಿಕೆ ಅರಿವಿಗೆ ಬರುತ್ತದೆ. ಇಟ್ಟಿಗೆ ಪುಡಿ, ಇದ್ದಿಲು, ಒರಟು ಹಲ್ಲುಪುಡಿಗಳಿಂದ ಉಜ್ಜಿದರೆ ಎನಾಮೆಲ್ ಸವೆಯುತ್ತದೆ. ಫ್ಲೋರೈಡ್ ಅಂಶ ಲೀಟರಿಗೆ 1.5 ಮಿಲಿಗ್ರಾಂ ಮೀರಿದ ಕೊಳವೆಬಾವಿ ನೀರನ್ನು ಬಾಲ್ಯದಲ್ಲಿ ಕುಡಿದು ಬೆಳೆದವರ ಹಲ್ಲಿನಲ್ಲಿ ಕಂದು ಕಲೆಗಳಿರುವುದುಂಟು. ಪಾವಗಡದಂತಹ ಪ್ರದೇಶಗಳಲ್ಲಿ ಇದು ಪರಿಚಿತ ಸಮಸ್ಯೆ. ಆ ಕಲೆ ಕೊಳಕಲ್ಲ, ಉಜ್ಜಿದರೆ ಹೋಗುವುದೂ ಇಲ್ಲ. ಅಂತಹವರು ದಂತ ವೈದ್ಯರ ಸಲಹೆ ಪಡೆಯಬೇಕು.

ಎಲ್ಲಿಗೆ ಹೋಗಬೇಕು?

ಕೆಂಗೇರಿ ಪುರಸಭೆಯು 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯಲ್ಲಿ ವಿಲೀನಗೊಂಡಿತು. ಸುತ್ತಲಿನ ಗ್ರಾಮಗಳ ಜನರು ಚಿಕಿತ್ಸೆಗೂ ಸಂತೆಗೂ ಕೆಂಗೇರಿ, ವಿಜಯನಗರ, ರಾಜಾಜಿನಗರಗಳನ್ನೇ ಅವಲಂಬಿಸಿದ್ದಾರೆ. ಆಡಳಿತದ ಗಡಿ ಬೇರೆಯಾದರೂ ಆಸ್ಪತ್ರೆಗೆ ಹೋಗುವ ದಾರಿ ಒಂದೇ. ಆದ್ದರಿಂದ ಈ ಭಾಗದ ಸೌಲಭ್ಯಗಳನ್ನು ತಿಳಿದಿರುವುದು ಎಲ್ಲರಿಗೂ ಅವಶ್ಯಕ.

ಮೊದಲ ಹಂತದಲ್ಲಿ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರ, ಆಯುಷ್ಮಾನ್ ಆರೋಗ್ಯ ಮಂದಿರ ಅಥವಾ ನಗರ ವ್ಯಾಪ್ತಿಯ ನಮ್ಮ ಕ್ಲಿನಿಕ್‌ನಲ್ಲಿ ಬಾಯಿಯನ್ನು ತೋರಿಸಿ, ಅಗತ್ಯವಿದ್ದರೆ ಮೇಲಿನ ಆಸ್ಪತ್ರೆಗೆ ಶಿಫಾರಸು ಪತ್ರ ಪಡೆಯಬಹುದು. ದಂತ ವೈದ್ಯಾಧಿಕಾರಿಗಳ ಹುದ್ದೆಗಳಿರುವುದು ಸಾಮಾನ್ಯವಾಗಿ ಸಮುದಾಯ ಆರೋಗ್ಯ ಕೇಂದ್ರ ಮತ್ತು ತಾಲ್ಲೂಕು ಆಸ್ಪತ್ರೆಗಳಲ್ಲಿ.

ನಗರದ ಕೋಟೆ ಪ್ರದೇಶದಲ್ಲಿ, ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿರುವ ಸರ್ಕಾರಿ ದಂತ ಮಹಾವಿದ್ಯಾಲಯ ಮತ್ತು ಸಂಶೋಧನಾ ಸಂಸ್ಥೆ 1958ರಲ್ಲಿ ಸ್ಥಾಪಿತವಾದುದು. ಹುಳುಕು ತುಂಬುವುದರಿಂದ ಹಿಡಿದು ದವಡೆಯ ಶಸ್ತ್ರಚಿಕಿತ್ಸೆಯವರೆಗೆ ಅಲ್ಲಿ ವಿಭಾಗಗಳಿವೆ. ರಾಜಾಜಿನಗರದವರು ಮೆಟ್ರೊ ಹಸಿರು ಮಾರ್ಗದಲ್ಲಿ ನೇರವಾಗಿ ಕೃಷ್ಣರಾಜೇಂದ್ರ ಮಾರುಕಟ್ಟೆ ನಿಲ್ದಾಣದಲ್ಲಿ ಇಳಿಯಬಹುದು. ಕೆಂಗೇರಿ ಮತ್ತು ವಿಜಯನಗರದವರು ನೇರಳೆ ಮಾರ್ಗದಲ್ಲಿ ಬಂದು ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಬೇಕು. ಬಸವೇಶ್ವರನಗರದವರು ಬಸ್ಸಿನಲ್ಲಿ ರಾಜಾಜಿನಗರ ಅಥವಾ ವಿಜಯನಗರ ತಲುಪಿ ಮೆಟ್ರೊ ಹಿಡಿಯಬಹುದು. ಇ.ಎಸ್.ಐ. ವಿಮೆಯುಳ್ಳ ಕಾರ್ಮಿಕರು ಮತ್ತು ಅವರ ಅವಲಂಬಿತರು ರಾಜಾಜಿನಗರದ ಇ.ಎಸ್.ಐ. ಆಸ್ಪತ್ರೆಯ ದಂತ ವಿಭಾಗವನ್ನು ಸಂಪರ್ಕಿಸಬಹುದು. ಮೈಸೂರು ರಸ್ತೆಯ ಕುಂಬಳಗೋಡಿನ ಬಳಿ, ರಾಮೋಹಳ್ಳಿ ಕ್ರಾಸ್‌ನಲ್ಲಿ ರಾಜರಾಜೇಶ್ವರಿ ದಂತ ವೈದ್ಯಕೀಯ ಕಾಲೇಜು ಮತ್ತು ಆಸ್ಪತ್ರೆ ಇದೆ. ಇದು ಖಾಸಗಿ ಸಂಸ್ಥೆಯಾದ್ದರಿಂದ ಶುಲ್ಕವನ್ನು ಮೊದಲೇ ವಿಚಾರಿಸಿಕೊಳ್ಳುವುದು ಒಳಿತು. ಆಸ್ಪತ್ರೆಗೆ ಹೋಗುವಾಗ ಪಡಿತರ ಚೀಟಿ, ಆಧಾರ್, ಹಿಂದಿನ ಚಿಕಿತ್ಸೆಯ ಚೀಟಿ ಮತ್ತು ಸೇವಿಸುತ್ತಿರುವ ಔಷಧಿಗಳ ವಿವರ ಜೊತೆಗಿರಲಿ.

ಗ್ರಾಮ ಪಂಚಾಯಿತಿಗಳ ಪಾತ್ರ

ಶಿಬಿರ ನಡೆದ ದಿನ ಎಷ್ಟು ಜನರನ್ನು ಪರೀಕ್ಷಿಸಲಾಯಿತು ಎಂಬ ಸಂಖ್ಯೆಯಿಂದ ಅಭಿಯಾನದ ಯಶಸ್ಸನ್ನು ಅಳೆಯಲಾಗದು. ಚಿಕಿತ್ಸೆ ಬೇಕೆಂದು ಗುರುತಿಸಲಾದವರಲ್ಲಿ ಎಷ್ಟು ಮಂದಿ ಆಸ್ಪತ್ರೆ ತಲುಪಿದರು, ಎಷ್ಟು ಮಂದಿಯ ಚಿಕಿತ್ಸೆ ಪೂರ್ಣಗೊಂಡಿತು ಎಂಬುದೇ ನಿಜವಾದ ಅಳತೆ. ಈ ದಿಸೆಯಲ್ಲಿ ಗ್ರಾಮ ಪಂಚಾಯಿತಿಗಳು ಮತ್ತು ಗ್ರಾಮ ಆರೋಗ್ಯ, ನೈರ್ಮಲ್ಯ ಹಾಗೂ ಪೌಷ್ಟಿಕತೆ ಸಮಿತಿಗಳು ಕೆಳಕಂಡ ಕ್ರಮಗಳನ್ನು ಕೈಗೊಳ್ಳಬಹುದು:

1. ಶಿಬಿರದಲ್ಲಿ ಚಿಕಿತ್ಸೆಗೆ ಸೂಚಿಸಲಾದವರ ಪಟ್ಟಿಯನ್ನು ಆಶಾ ಕಾರ್ಯಕರ್ತೆಯ ಬಳಿ ಇರಿಸಿ, ಒಂದು ತಿಂಗಳೊಳಗೆ ಪ್ರತಿಯೊಬ್ಬರನ್ನೂ ವಿಚಾರಿಸುವುದು. ಪಟ್ಟಿಯಲ್ಲಿನ ವಿವರಗಳನ್ನು ಗೋಪ್ಯವಾಗಿಡುವುದು.

2. ಒಬ್ಬೊಬ್ಬರಾಗಿ ಹೋಗಲು ಹಿಂಜರಿಯುವ ಹಿರಿಯರು ಮತ್ತು ಮಹಿಳೆಯರು ನಿಗದಿತ ದಿನ ಒಟ್ಟಾಗಿ ಆಸ್ಪತ್ರೆಗೆ ತೆರಳುವಂತೆ ಏರ್ಪಾಡು ಮಾಡುವುದು.

3. ಸಮೀಪದ ಆಸ್ಪತ್ರೆಯ ದಂತ ಹೊರರೋಗಿ ವಿಭಾಗದ ದಿನ ಮತ್ತು ವೇಳೆಯನ್ನು ಪಂಚಾಯಿತಿ ಸೂಚನಾ ಫಲಕ, ಅಂಗನವಾಡಿ ಮತ್ತು ನ್ಯಾಯಬೆಲೆ ಅಂಗಡಿಗಳಲ್ಲಿ ಪ್ರದರ್ಶಿಸುವುದು.

4. ದಂತಭಾಗ್ಯಕ್ಕೆ ಅರ್ಹರಾದವರನ್ನು ಗುರುತಿಸಿ, ಗ್ರಾಮಸಭೆಯಲ್ಲಿ ಯೋಜನೆಯ ಮಾಹಿತಿ ನೀಡುವುದು.

5. ಶಾಲೆ ಮತ್ತು ಅಂಗನವಾಡಿಗಳ ಸುತ್ತ ತಂಬಾಕು ಉತ್ಪನ್ನಗಳ ಮಾರಾಟ ನಡೆಯದಂತೆ ನಿಗಾ ವಹಿಸುವುದು. ಶಿಕ್ಷಣ ಸಂಸ್ಥೆಗಳ 100 ಗಜ ವ್ಯಾಪ್ತಿಯಲ್ಲಿ ಈ ಮಾರಾಟವನ್ನು 2003ರ ಕೇಂದ್ರ ಕಾಯ್ದೆ ನಿಷೇಧಿಸಿದೆ.

ಕುಟುಂಬಗಳು ಪಾಲಿಸಬೇಕಾದುದು ಸರಳ. ಬೆಳಿಗ್ಗೆ ಮತ್ತು ರಾತ್ರಿ ಮಲಗುವ ಮುನ್ನ ಫ್ಲೋರೈಡ್ ಇರುವ ಪೇಸ್ಟ್‌ನಿಂದ ಎರಡು ನಿಮಿಷ ಹಲ್ಲುಜ್ಜುವುದು. ಮೂರು ವರ್ಷದೊಳಗಿನ ಮಕ್ಕಳಿಗೆ ಅಕ್ಕಿಕಾಳಿನಷ್ಟು, ಮೂರರಿಂದ ಆರು ವರ್ಷದವರಿಗೆ ಬಟಾಣಿ ಕಾಳಿನಷ್ಟು ಪೇಸ್ಟ್ ಸಾಕು. ಸಿಹಿ ತಿನಿಸು, ಸಕ್ಕರೆ ಬೆರೆತ ಚಹಾ ಮತ್ತು ಪಾನೀಯಗಳನ್ನು ಊಟಗಳ ನಡುವೆ ಪದೇಪದೇ ಸೇವಿಸದಿರುವುದು. ತಂಬಾಕು ಮತ್ತು ಅಡಿಕೆಯನ್ನು ತ್ಯಜಿಸುವುದು. ಇವೆಲ್ಲದರ ಜೊತೆಗೆ, ಮನೆಯಲ್ಲಿ ಈವರೆಗೆ ಒಮ್ಮೆಯೂ ದಂತ ವೈದ್ಯರನ್ನು ಕಾಣದವರು ಯಾರೆಂದು ಗಮನಿಸಿ, ನೋವಿಲ್ಲದಿರುವಾಗಲೇ ಅವರನ್ನು ಮೊದಲ ತಪಾಸಣೆಗೆ ಕರೆದೊಯ್ಯುವುದು. ಅರ್ಧ ದಿನದ ಕೂಲಿಯಷ್ಟು ನಷ್ಟವಾದರೂ, ಮುಂದೆ ಹಲವು ದಿನಗಳ ಕೂಲಿಯನ್ನೂ ಒಂದು ಹಲ್ಲನ್ನೂ ಅದು ಉಳಿಸಬಲ್ಲದು.